ದೀಪದ ಮುಚ್ಚಳ, ನೆರೆಮನೆಯ ಹೊಗೆ: ಯೆಹೂದ್ಯ ವಿಧಿಗಳಲ್ಲಿ ಇಂಧನದ ಪ್ರಶ್ನೆ

ಯೆಹೂದ್ಯ ಧರ್ಮ ಮತ್ತು ಪರಿಸರವನ್ನು ಕುರಿತ ಇಂದಿನ ಬರಹಗಳು ಬಹುಮಟ್ಟಿಗೆ ಒಂದೇ ವಿಧಿಯನ್ನು ನೆಚ್ಚಿಕೊಂಡಿವೆ. ಅದರ ಹೀಬ್ರೂ ಹೆಸರು ‘ಬಲ್ ತಷ್ಖೀತ್’. ಹಾಳುಮಾಡಬೇಡ ಎಂಬುದು ಅರ್ಥ. ವಿದ್ಯುತ್ ಉಳಿಸಿ, ಇಂಧನ ಪೋಲು ಮಾಡಬೇಡಿ ಎಂಬ ಕರೆಗೂ ಇದೇ ಆಧಾರ. ಈ ಆಧಾರ ಎಷ್ಟು ಭಾರ ಹೊರಬಲ್ಲದು? ಮೂಲಪಠ್ಯಗಳಲ್ಲಿ ಉರುವಲು, ಎಣ್ಣೆ, ಹೊಗೆಗಳ ಮಾತು ಬರುವ ಕಡೆಗಳನ್ನೇ ಹಿಡಿದು ಇದನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ವಿಧಿಯ ಮೂಲ ಬೈಬಲಿನ ಧರ್ಮೋಪದೇಶಕಾಂಡದ 20ನೆಯ ಅಧ್ಯಾಯದ 19-20ನೆಯ ವಚನಗಳಲ್ಲಿದೆ. ಸಂದರ್ಭ ಯುದ್ಧದ್ದು. ಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯ ಹಣ್ಣಿನ ಮರಗಳಿಗೆ ಕೊಡಲಿ ಹಾಕಬಾರದು. ಹಣ್ಣು ಕೊಡದ ಮರಗಳನ್ನು ಕಡಿದು ಮುತ್ತಿಗೆಯ ಕೆಲಸಕ್ಕೆ ಬಳಸಬಹುದು. ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳು ಇದನ್ನು ಮರದಿಂದ ಮನೆಯೊಳಗಿನ ವಸ್ತುಗಳವರೆಗೂ ಚಾಚಿದರು. ಅವರ ಚರ್ಚೆಗಳ ಸಂಗ್ರಹವಾದ ಬಾಬಿಲೋನಿಯದ ತಾಲ್ಮುದ್‌ನ ಶಬ್ಬಾತ್ ಪ್ರಕರಣದಲ್ಲಿ (67ನೆಯ ಹಾಳೆ, ಹಿಂಬದಿ) ರಾವ್ ಜುತ್ರಾ ಎಂಬ ಪಂಡಿತ ಹೇಳುವುದು ಇದು: ಎಣ್ಣೆಯ ದೀಪಕ್ಕೆ ಮುಚ್ಚಳ ಹಾಕುವವನೂ ನಾಫ್ತಾ ದೀಪದ ಮುಚ್ಚಳ ತೆಗೆಯುವವನೂ ಈ ವಿಧಿಯನ್ನು ಮೀರುತ್ತಾನೆ. ಎರಡೂ ಸಂದರ್ಭಗಳಲ್ಲಿ ಇಂಧನ ಬೇಗ ಉರಿದುಹೋಗುತ್ತದೆ ಎಂಬುದು 11ನೆಯ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿಯ ವಿವರಣೆ. ಇಲ್ಲಿ ತಪ್ಪು ದೀಪ ಹಚ್ಚಿದ್ದರಲ್ಲಿಲ್ಲ, ಅಷ್ಟೇ ಕೆಲಸಕ್ಕೆ ಹೆಚ್ಚು ಎಣ್ಣೆ ತೆತ್ತದ್ದರಲ್ಲಿದೆ. ಇಂದಿನ ಭಾಷೆಯಲ್ಲಿ ಇದನ್ನು ಇಂಧನ ದಕ್ಷತೆ ಎನ್ನುತ್ತೇವೆ.

ಅದೇ ಪ್ರಕರಣದ 129ನೆಯ ಹಾಳೆ ಈ ವಿಧಿಯ ಎಲ್ಲೆಯನ್ನೂ ತೋರಿಸುತ್ತದೆ. ಅಂದಿನ ಚಿಕಿತ್ಸೆಯಂತೆ ಮೈಯಿಂದ ರಕ್ತ ತೆಗೆಸಿಕೊಂಡವರಿಗೆ ಚಳಿ ಹಿಡಿದರೆ ಬೆಂಕಿ ಕಾಯಿಸಿಕೊಳ್ಳಬೇಕಿತ್ತು. ಶ್ಮುಯೇಲ್ ಎಂಬ ಪಂಡಿತನಿಗಾಗಿ ‘ಶಾಗಾ’ ಮರದ ಪೀಠವನ್ನೇ ಸೀಳಿ ಬೆಂಕಿಗೆ ಹಾಕಿದರು. ಶಾಗಾ ಎಂದರೆ ತೇಗವೆಂದು ಅರ್ಥೈಸುವ ವಿದ್ವಾಂಸರಿದ್ದಾರೆ. ಹೆಸರು ನಮ್ಮ ಸಾಗುವಾನಿಯನ್ನು ನೆನಪಿಸುತ್ತದೆ. ರಬ್ಬಾ ಎಂಬ ಗುರುವಿಗಾಗಿಯೂ ಮಣೆಯೊಂದನ್ನು ಒಡೆದಾಗ ಶಿಷ್ಯ ಅಬಾಯೆ ಆಕ್ಷೇಪ ತೆಗೆದ: ಇದು ಹಾಳುಮಾಡಿದಂತಲ್ಲವೇ? ತನ್ನ ದೇಹ ಹಾಳಾಗದಿರುವುದೇ ತನಗೆ ಹೆಚ್ಚು ಎಂಬುದು ಗುರುವಿನ ಉತ್ತರ. ಅಗತ್ಯ ಎದುರಾದರೆ ಬೆಲೆಬಾಳುವ ಮರವೂ ಉರುವಲೇ.

ಅಗತ್ಯ ಮಾತ್ರವಲ್ಲ, ಲಾಭವೂ ಈ ವಿಧಿಯನ್ನು ಸಡಿಲಿಸುತ್ತದೆ. ಹಣ್ಣಿಗಿಂತ ಮರದ ದಿಮ್ಮಿಗೇ ಹೆಚ್ಚು ಬೆಲೆ ಬಂದರೆ ಹಣ್ಣಿನ ಮರವನ್ನೂ ಕಡಿಯಬಹುದು ಎನ್ನುತ್ತದೆ ಬಾವಾ ಕಮ್ಮಾ ಪ್ರಕರಣ (91ನೆಯ ಹಾಳೆ, ಹಿಂಬದಿ). 12ನೆಯ ಶತಮಾನದಲ್ಲಿ ಮೈಮೊನಿಡೀಸ್ ತನ್ನ ವಿಧಿಸಂಹಿತೆ ‘ಮಿಶ್ನೆ ತೋರಾ’ದಲ್ಲಿ ಪಾತ್ರೆ ಒಡೆಯುವುದು, ಬಟ್ಟೆ ಹರಿಯುವುದು, ಕಟ್ಟಡ ಕೆಡವುವುದು, ನೀರಿನ ಒರತೆ ಮುಚ್ಚುವುದು, ಆಹಾರ ಕೆಡಿಸುವುದು ಎಲ್ಲವನ್ನೂ ಈ ವಿಧಿಯಡಿ ತಂದ. ಆದರೆ ಹಾಳುಗೆಡಹುವ ರೀತಿಯಲ್ಲಿ ಮಾಡಿದರೆ ಮಾತ್ರ ಅದು ತಪ್ಪು ಎಂಬ ಷರತ್ತನ್ನೂ ಇಟ್ಟ. ವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ನಲ್ಲಿ ಬೆಂಕಿ ಹಚ್ಚುವುದೂ ಆರಿಸುವುದೂ ನಿಷಿದ್ಧವಾದ್ದರಿಂದ, ಶುಕ್ರವಾರ ಸಂಜೆ ಹಚ್ಚಿದ ದೀಪವನ್ನು ಅದು ಮುಗಿಯುವತನಕ ಆರಿಸದೆ ಬಿಡುವ ಮನೆಗಳಿವೆ. ಅದಕ್ಕೆ ವಿಧಿಬದ್ಧ ಕಾರಣವಿರುವುದರಿಂದ ಅದನ್ನು ಪೋಲು ಎನ್ನಲಾಗದು. ಹಾಗೆಯೇ ಕಲ್ಲಿದ್ದಲು ಉರಿಸಿ ಊರಿಗೆ ಬೆಳಕು ಕೊಡುವ ಸ್ಥಾವರವೂ ಬಲ್ ತಷ್ಖೀತ್‌ನ ಕೈಗೆ ಸಿಗುವುದಿಲ್ಲ.

ಹಾಗಾದರೆ ಸ್ಥಾವರದ ಹೊಗೆಯನ್ನು ಪ್ರಶ್ನಿಸುವ ಪಠ್ಯ ಯಾವುದು? ಅದನ್ನು ಪೋಲಿನ ವಿಧಿಗಳಲ್ಲಿ ಹುಡುಕದೆ ನೆರೆಹೊರೆಯ ಹಾನಿಯ ವಿಧಿಗಳಲ್ಲಿ ಹುಡುಕಬೇಕು. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ, ತಾಲ್ಮುದ್‌ಗೆ ಆಧಾರವಾದ ಮಿಶ್ನಾದ ಬಾವಾ ಬತ್ರಾ ಪ್ರಕರಣದ 2ನೆಯ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು. ಕಣ ಪಟ್ಟಣದಿಂದ 50 ಮೊಳ ದೂರವಿರಬೇಕು. ಚರ್ಮ ಹದಮಾಡುವ ಜಾಗವೂ ಅಷ್ಟೇ ದೂರ, ಅದೂ ಪೂರ್ವ ದಿಕ್ಕಿಗೆ ಮಾತ್ರ. ಗಾಳಿ ಹೊಟ್ಟು, ದುರ್ವಾಸನೆಗಳನ್ನು ಎಲ್ಲಿಗೆ ಒಯ್ಯುತ್ತದೆ ಎಂಬ ಲೆಕ್ಕ ಇದರಲ್ಲಿದೆ. ಹೊಗೆಯ ಕಾರಣಕ್ಕೆ ಜೆರೂಸಲೇಮಿನಲ್ಲಿ ಆವಿಗೆಗಳನ್ನು ಕಟ್ಟುವಂತಿರಲಿಲ್ಲ ಎಂದು ಬಾವಾ ಕಮ್ಮಾ (82ನೆಯ ಹಾಳೆ, ಹಿಂಬದಿ) ಹೇಳುತ್ತದೆ.

ನಮ್ಮ ಪ್ರಶ್ನೆಗೆ ಹೆಚ್ಚು ಬೆಳಕು ಕೊಡುವುದು ತಾಲ್ಮುದ್‌ನ ಬಾವಾ ಬತ್ರಾದ 22-23ನೆಯ ಹಾಳೆಗಳ ಪ್ರಸಂಗ. ರಾವ್ ಯೋಸೆಫ್ ಎಂಬ ಪಂಡಿತನ ಖರ್ಜೂರದ ಮರಗಳ ಕೆಳಗೆ ರಕ್ತ ತೆಗೆಯುವವರು ಕೂರುತ್ತಿದ್ದರು. ರಕ್ತಕ್ಕೆ ಬಂದ ಕಾಗೆಗಳು ಮರವೇರಿ ಹಣ್ಣು ಕೆಡಿಸುತ್ತಿದ್ದವು. ಅವರನ್ನು ಎಬ್ಬಿಸಿ ಎಂದ ರಾವ್ ಯೋಸೆಫ್. ಇಲ್ಲಿಯೂ ಎದುರು ನಿಂತು ವಾದಿಸಿದವನು ಅಬಾಯೆಯೇ: ಹಾನಿ ಮಾಡಿದ್ದು ಕಾಗೆ, ಇವರ ಪಾಲು ಪರೋಕ್ಷವಾದದ್ದಲ್ಲವೇ? ಪರೋಕ್ಷ ಹಾನಿಯೂ ನಿಷಿದ್ಧವೇ ಎಂದು ಉತ್ತರ ಬಂತು. ಬಹುಕಾಲದಿಂದ ಕೂರುತ್ತಿದ್ದಾರಲ್ಲ, ಹಕ್ಕು ಬಂದಿಲ್ಲವೇ ಎಂದು ಅಬಾಯೆ ಮುಂದುವರಿಸಿದ. ಹಾನಿ ಮಾಡುವುದಕ್ಕೆ ರೂಢಿಯ ಹಕ್ಕಿಲ್ಲ ಎಂದ ರಾವ್ ಯೋಸೆಫ್. ಆ ಮಾತು ಹೊಗೆ ಮತ್ತು ಪಾಯಿಖಾನೆಯಂಥವಕ್ಕೆ ಮಾತ್ರ ಅನ್ವಯಿಸುತ್ತದಲ್ಲವೇ ಎಂಬ ಕೊನೆಯ ಆಕ್ಷೇಪಕ್ಕೆ, ತನ್ನ ಪಾಲಿಗೆ ಇವರೂ ಹೊಗೆ, ಪಾಯಿಖಾನೆಗಳಂತೆಯೇ ಅಸಹ್ಯವೆಂದು ಉತ್ತರಿಸಿದ.

ಈ ಸಂವಾದದಲ್ಲಿ ಎರಡು ತತ್ತ್ವಗಳು ಸೇರಿವೆ. ಹಾನಿ ನಡುವೆ ಇನ್ನೊಂದು ಕೈ ದಾಟಿ ಬಂದರೂ ಮೊದಲು ಕಾರಣನಾದವನು ಸುಮ್ಮನಿರುವಂತಿಲ್ಲ. ಎಷ್ಟು ವರ್ಷ ಹೊಗೆ ಬಿಟ್ಟರೂ ಬಿಡುವ ಹಕ್ಕು ಹುಟ್ಟುವುದಿಲ್ಲ. ಹೊಗೆಕೊಳವೆಯಿಂದ ಹೊರಟದ್ದು ವಾತಾವರಣದ ಮೂಲಕ ಬೇರೆ ಕಡೆಯ ಬೆಳೆಗೆ, ಕರಾವಳಿಗೆ ಪೆಟ್ಟು ಕೊಡುವ ಇಂದಿನ ಸ್ಥಿತಿಗೆ ಇವು ಬಲ್ ತಷ್ಖೀತ್‌ಗಿಂತ ಹತ್ತಿರ. ಆದರೂ ಒಂದು ಕೊರತೆ ಉಳಿಯುತ್ತದೆ. ಪರೋಕ್ಷ ಹಾನಿ ನಿಷಿದ್ಧವಾದರೂ ಅದಕ್ಕೆ ಮಾನವ ನ್ಯಾಯಾಲಯ ಪರಿಹಾರ ಕೊಡಿಸುವುದಿಲ್ಲ ಎಂಬುದು ಸಾಮಾನ್ಯ ನಿಯಮ. ರಾವ್ ಯೋಸೆಫ್‌ಗೆ ಎಬ್ಬಿಸಬೇಕಾದವರು ಕಣ್ಣೆದುರಿಗಿದ್ದರು. ಕೋಟಿಗಟ್ಟಲೆ ಒಲೆಗಳ ಹೊಗೆ ಬೆರೆತಾಗ ಯಾರನ್ನು ಎಬ್ಬಿಸುವುದು ಎಂಬುದಕ್ಕೆ ಈ ಪಠ್ಯದಲ್ಲಿ ಉತ್ತರವಿಲ್ಲ.

ಆ ಉತ್ತರ ಕೊಡುವುದು ಶಾಸನದ ಕೆಲಸ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ, 1980ರಲ್ಲಿ, ಇಸ್ರೇಲ್ ಹೊಸ ವಸತಿ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಅದರ ಹಿಂದಿದ್ದದ್ದು ತೈಲದ ಚಿಂತೆ. ಅಂಥ ಬಿಸಿನೀರನ್ನು ಶಬ್ಬಾತ್ ದಿನ ಬಳಸಬಹುದೇ ಎಂಬ ಚರ್ಚೆಯನ್ನು ರಬ್ಬಿಗಳು ಬೇರೆಯಾಗಿ ಎತ್ತಿಕೊಂಡಿದ್ದಾರೆ.

ಒಟ್ಟಿನಲ್ಲಿ, ಬಲ್ ತಷ್ಖೀತ್ ಮನೆಯ ದೀಪಕ್ಕೆ ಸರಿಯಾದ ಅಳತೆ. ಊರಿನ ಹೊಗೆಗೆ ಬಾವಾ ಬತ್ರಾದ 2ನೆಯ ಅಧ್ಯಾಯವೇ ಅಳತೆ. ಮೊದಲನೆಯದನ್ನಷ್ಟೇ ಉಲ್ಲೇಖಿಸಿ ಎರಡನೆಯದರ ಕೆಲಸವನ್ನೂ ಅದರಿಂದಲೇ ಮಾಡಿಸುವ ಬರಹಗಳು ಯೆಹೂದ್ಯ ಪರಂಪರೆಯ ಹೆಚ್ಚು ಗಟ್ಟಿಯಾದ ವಾದವನ್ನು ಕೈಬಿಟ್ಟಿವೆ.