ಯಾರ್ಕಿನ ಗೋರಿ, ನಂದಗಡದ ಆಲದಮರ

ಕೆಲವು ವರ್ಷಗಳ ಹಿಂದೆ ಆಫೀಸ್ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋಗಿದ್ದೆ. ಒಂದು ಶನಿವಾರ ಅಲ್ಲಿನ ಸಹೋದ್ಯೋಗಿಯೊಬ್ಬ ಯಾರ್ಕ್ ಊರು ತೋರಿಸ್ತೀನಿ ಬಾ ಅಂತ ಕರೆದುಕೊಂಡು ಹೋದ. ಕೋಟೆ, ದೊಡ್ಡ ಚರ್ಚು ಎಲ್ಲ ಮುಗಿಸಿ ಕೊನೆಗೆ ಒಂದು ಸಣ್ಣ ಸ್ಮಶಾನದಲ್ಲಿ ನಿಲ್ಲಿಸಿದ. ಅಲ್ಲೊಂದು ಗೋರಿಕಲ್ಲು, ಡಿಕ್ ಟರ್ಪಿನ್‌ನದು. "ನಮ್ಮ ದೇಶದ ಅತಿ ಪ್ರಸಿದ್ಧ ದಾರಿಗಳ್ಳ" ಅಂತ ಅಭಿಮಾನದಿಂದಲೇ ಹೇಳಿದ. ಆಮೇಲೆ ಸುಮ್ಮನೆ ಮಾತಿಗೆ ಕೇಳಿದ, ನಿಮ್ಮ ಕಡೆ ಇಂಥವರು ಯಾರೂ ಇಲ್ವಾ ಅಂತ.

ನಾನು ಬೈಲಹೊಂಗಲದವನು. ಬಾಯಿಗೆ ಬಂದ ಮೊದಲ ಹೆಸರು ಸಂಗೊಳ್ಳಿ ರಾಯಣ್ಣ. ಹೇಳಿಯೂ ಬಿಟ್ಟೆ! ಹೇಳಿದ ಮರುಕ್ಷಣ ಮೈಯೆಲ್ಲಾ ಮುಳ್ಳಾಯ್ತು. ಲಾವಣಿ ಕೇಳುತ್ತಾ ಬೆಳೆದ ನಾನು, ನಮ್ಮ ತಾಲೂಕಿನ ರಾಯಣ್ಣನನ್ನು ಒಬ್ಬ ದಾರಿಗಳ್ಳನ ಪಕ್ಕ ನಿಲ್ಲಿಸಿಬಿಟ್ಟೆನಲ್ಲ... ಆ ಮುಜುಗರ ಹಲವು ದಿನ ಕಾಡಿತು. ಅದಕ್ಕೇ ಇಬ್ಬರ ಕತೆಯನ್ನೂ ಕೂತು ಓದಿದೆ.

ಮೊದಲು ಟರ್ಪಿನ್. ಇಂಗ್ಲಿಷರ ಕತೆಗಳಲ್ಲಿ ಇವನು ಕಪ್ಪು ಕುದುರೆ ಏರಿದ ಚೆಲುವ, ಹೆಂಗಸರಿಗೆ ಟೋಪಿ ತೆಗೆದು ನಮಸ್ಕರಿಸುವ ಸಭ್ಯ ಕಳ್ಳ. ವಾಸ್ತವದಲ್ಲಿ ಎಸೆಕ್ಸ್ ಪ್ರಾಂತದ ಕಸಾಯಿ. ಇವನಿದ್ದ ಗುಂಪು ಒಂಟಿ ತೋಟದ ಮನೆಗಳಿಗೆ ನುಗ್ಗಿ, ದುಡ್ಡು ಎಲ್ಲಿಟ್ಟಿದ್ದೀರಿ ಹೇಳಿ ಅಂತ ಮುದುಕರನ್ನು ಬೆಂಕಿಯ ಮೇಲೆ ಕೂರಿಸುತ್ತಿತ್ತು. 1737ರಲ್ಲಿ ತನ್ನನ್ನು ಹಿಡಿಯಲು ಬಂದ ಒಬ್ಬ ಸೇವಕನನ್ನು ಗುಂಡಿಟ್ಟು ಕೊಂದ. ಹೆಸರು ಬದಲಿಸಿಕೊಂಡು ಯಾರ್ಕ್ ಕಡೆ ತಲೆಮರೆಸಿಕೊಂಡಿದ್ದವನು ಸಿಕ್ಕಿಬಿದ್ದದ್ದೂ ತಮಾಷೆಯೇ. ಜೈಲಿನಿಂದ ಸಂಬಂಧಿಕರಿಗೆ ಬರೆದ ಕಾಗದದ ಅಕ್ಷರವನ್ನು ಹಳೇ ಮೇಷ್ಟ್ರು ಗುರುತು ಹಿಡಿದುಬಿಟ್ಟರು! 1739ರಲ್ಲಿ ಗಲ್ಲಿಗೇರಿದ್ದು ಕುದುರೆ ಕಳ್ಳತನಕ್ಕೆ.

ಹಾಗಾದರೆ ಹೀರೋ ಆದದ್ದು ಹೇಗೆ? 1834ರಲ್ಲಿ ಐನ್ಸ್‌ವರ್ತ್ ಅನ್ನೋ ಲೇಖಕ 'ರೂಕ್‌ವುಡ್' ಎಂಬ ಕಾದಂಬರಿ ಬರೆದ. ಅದರಲ್ಲಿ ಟರ್ಪಿನ್ ಒಂದೇ ರಾತ್ರಿಯಲ್ಲಿ ಲಂಡನ್ನಿನಿಂದ ಯಾರ್ಕಿಗೆ ಕುದುರೆ ಓಡಿಸುತ್ತಾನೆ. ಅಸಲಿಗೆ ಆ ಓಟದ ಕತೆ ಮೊದಲು ನೆವಿಸನ್ ಎಂಬ ಬೇರೆ ಕಳ್ಳನ ಹೆಸರಲ್ಲಿತ್ತು. ಸತ್ತು 95 ವರ್ಷವಾದ ಕಸಾಯಿಗೆ ಇನ್ನೊಬ್ಬನ ಕೀರ್ತಿ ಹೊದಿಸಿದರು, ಅಷ್ಟೇ.

ಈ ಕಾದಂಬರಿ ಬರುವುದಕ್ಕೆ ಬರೀ ಮೂರು ವರ್ಷ ಮೊದಲು, 1831ರ ಜನವರಿ 26ರಂದು, ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು.

ರಾಯಣ್ಣ ಕಿತ್ತೂರಿನ ಶೇತಸನದಿ. ಅಂದರೆ ಸಂಸ್ಥಾನದ ಕಾವಲಿಗೆ ಪ್ರತಿಯಾಗಿ ಜಮೀನು ಉಂಡವನು. 1824ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆ ಮುಂದೆ ಸತ್ತ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು. ಚೆನ್ನಮ್ಮರಾಣಿ ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಸಂಸ್ಥಾನ ಹೋದ ಮೇಲೆ ಶೇತಸನದಿಗಳ ಜಮೀನೂ ಹೋಯ್ತು, ಉಳಿದದ್ದಕ್ಕೆ ತೆರಿಗೆ ಬಿತ್ತು.

1830ರ ಆರಂಭದಲ್ಲಿ ಬೀಡಿಯ ಸರ್ಕಾರಿ ಕಚೇರಿಗೆ ರಾಯಣ್ಣನ ಕಡೆಯವರು ಬೆಂಕಿ ಇಟ್ಟರು. ಆಮೇಲೆ ಕಚೇರಿ, ಖಜಾನೆ, ಕಂಪನಿ ಪರ ನಿಂತ ಶ್ರೀಮಂತರ ಮನೆ. ಕಾಡು ಗುಡ್ಡಗಳಲ್ಲಿ ಅಡಗಿ ಕೂತು ಹೊಡೆಯುವುದು, ಓಡುವುದು. ಕಂಪನಿ ಸರ್ಕಾರದ ಕಣ್ಣಿಗೆ ಇದು ದಂಗೆ ಮತ್ತು ಲೂಟಿ. ಏಪ್ರಿಲ್ ಹೊತ್ತಿಗೆ ನಮ್ಮವರೇ ಹಿಡಿದುಕೊಟ್ಟರು. ಹಳ್ಳದಲ್ಲಿ ಸ್ನಾನಕ್ಕಿಳಿದಾಗ ಹಿಡಿದರು ಅಂತ ಲಾವಣಿಕಾರರು ಹಾಡುವಾಗ ಈಗಲೂ ಜನ ಕಣ್ಣೀರು ಹಾಕ್ತಾರೆ.

ಊರಿಗೆ ಬಂದಾಗ ನಮ್ಮಾಯಿಗೆ ಯಾರ್ಕಿನ ವಿಷಯ ಹೇಳಿದೆ. "ಕಳ್ಳನ ಗೋರಿಗೆ ಯಾರರ ತೊಟ್ಟಲಾ ಕಟ್ಟತಾರೇನೋ ತಮ್ಮಾ?" ಅಂದಳು. ನಂದಗಡದಲ್ಲಿ ರಾಯಣ್ಣನ ಸಮಾಧಿ ಮೇಲಿನ ಆಲದಮರಕ್ಕೆ ಮಕ್ಕಳಾಗಲಿ ಅಂತ ಹೆಂಗಸರು ತೊಟ್ಟಿಲು ಕಟ್ಟಿ ಹರಕೆ ಹೊರುವುದು ನಿಮಗೂ ಗೊತ್ತಿರಬಹುದು. ಆಯಿಯ ಮಾತಿಗೆ ನನ್ನ ಹತ್ರ ಎದುರುತ್ತರ ಇರಲಿಲ್ಲ. ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. ಯಾರ್ಕಿನ ಗೋರಿ ಮುಂದೆಯೂ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರಲ್ಲ! ಜನರ ಪ್ರೀತಿಯೊಂದೇ ಸಾಕ್ಷಿ ಆದರೆ ಟರ್ಪಿನ್ನೂ ಗೆಲ್ಲುತ್ತಾನೆ.

ಹಾಗಾಗಿ ನಾನು ಬೇರೆ ಪ್ರಶ್ನೆ ಕೇಳಿಕೊಂಡೆ. ಇಬ್ಬರೂ ಕೈ ಹಾಕಿದ್ದು ಯಾವುದಕ್ಕೆ? ಟರ್ಪಿನ್ ಕೈ ಹಾಕಿದ್ದು ಮುದುಕರ ಗಂಟಿಗೆ, ಅದೂ ತನಗೋಸ್ಕರ. ರಾಯಣ್ಣ ಮೊದಲು ಸುಟ್ಟದ್ದು ಕಚೇರಿ, ಅಂದರೆ ತನ್ನಂಥವರ ಜಮೀನಿನ ಲೆಕ್ಕ ಬರೆದಿಟ್ಟಿದ್ದ ಜಾಗ. ಅವನಿಗೆ ಬೇಕಾಗಿದ್ದದ್ದು ಚೆನ್ನಮ್ಮನ ದತ್ತುಮಗ ಶಿವಲಿಂಗಪ್ಪ ಮತ್ತೆ ಕಿತ್ತೂರಿನ ಗಾದಿ ಮೇಲೆ ಕೂರುವುದು. ಕಳ್ಳನಿಗೆ ಯಾವ ಗಾದಿಯ ಚಿಂತೆ?

ಹಾಗಂತ ಎಲ್ಲ ಬಿಳಿ ಬಿಳಿ ಅಲ್ಲ. ಆವತ್ತು ಬಾಗಿಲು ಒಡೆಸಿಕೊಂಡ ಸಾವಕಾರನ ಮನೆಯ ಹೆಣ್ಣುಮಕ್ಕಳಿಗೆ ರಾಯಣ್ಣ ಹೇಗೆ ಕಂಡಿದ್ದಾನು? ಅವರ ಹಾಡು ಯಾರೂ ಕಟ್ಟಲಿಲ್ಲ. ಇದನ್ನು ಕೇಳಿಕೊಂಡರೆ ರಾಯಣ್ಣ ಸಣ್ಣವನಾಗಲ್ಲ, ಮನುಷ್ಯನಾಗ್ತಾನೆ ಅಷ್ಟೇ.

ನಮ್ಮ ಸೀಮೆಯೇ ಹೀಗೆ. ಬೈಲಹೊಂಗಲದಿಂದ ಸವದತ್ತಿ ದಾಟಿ ರಾಮದುರ್ಗಕ್ಕೆ ಹೋಗಿ, ಅಲ್ಲಿ ಸುರೇಬಾನದಲ್ಲಿ 1858ರಲ್ಲಿ ಮ್ಯಾನ್ಸನ್ ಸಾಹೇಬನನ್ನು ಕೊಂದ ನರಗುಂದದ ಬಾಬಾಸಾಹೇಬನೂ ಸರ್ಕಾರಕ್ಕೆ ಅಪರಾಧಿ. ಆಯುಧ ಕೊಡೋದಿಲ್ಲ ಅಂದ ಹಲಗಲಿಯ ಬೇಡರೂ ಅಪರಾಧಿಗಳೇ. ಎಲ್ಲರಿಗೂ ಗಲ್ಲು, ಎಲ್ಲರಿಗೂ ಲಾವಣಿ. ಮಜಾ ಅಂದ್ರೆ ರಾಯಣ್ಣನ ದಂಗೆಯ ಲಾವಣಿಯನ್ನು 1880ರ ದಶಕದಲ್ಲಿ ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ! ಗಲ್ಲಿಗೆ ಹಾಕಿದವರ ಪೈಕಿಯವನೇ ಹಾಡನ್ನೂ ಉಳಿಸಿಕೊಟ್ಟ.

ಟರ್ಪಿನ್ನನ್ನು ದೊಡ್ಡವನನ್ನಾಗಿ ಮಾಡಿದ್ದು ಅಚ್ಚಾದ ಪುಸ್ತಕ. ನಮ್ಮ ರಾಯಣ್ಣ ಸರ್ಕಾರಿ ಕಾಗದದಲ್ಲಿ ಲೂಟಿಕೋರನಾಗಿಯೇ ಇದ್ದ, ಉಳಿದದ್ದು ಓದು ಬರಹ ಬಾರದವರ ಬಾಯಲ್ಲಿ. ಬೆಂಗಳೂರಿನ ರೈಲ್ವೆ ಸ್ಟೇಶನ್ನಿಗೆ ಅವನ ಹೆಸರು ಬಂದದ್ದು ಎಷ್ಟೋ ಕಾಲದ ನಂತರ.

ಆ ಸಹೋದ್ಯೋಗಿಗೆ ಇದನ್ನೆಲ್ಲ ಒಂದು ಉದ್ದನೆಯ ಮೇಲ್ ಬರೆದು ಕಳಿಸಿದೆ, ನಾನು ಆವತ್ತು ತಪ್ಪು ಹೆಸರು ಹೇಳಿದ್ದೆ ಅಂತ. ಮುಂದಿನ ಸಲ ಇಂಡಿಯಾಕ್ಕೆ ಬಂದಾಗ ಆಲದಮರ ತೋರಿಸು ಅಂದಿದ್ದಾನೆ. ನಿಮ್ಮ ಊರ ಕಡೆಯೂ ಸರ್ಕಾರಕ್ಕೆ ಕಳ್ಳ, ಜನಕ್ಕೆ ಹುಲಿ ಆದವರು ಯಾರಾದ್ರೂ ಇದ್ದರೆ ಬರೀರಿ, ಓದೋಣ.