ಬ್ಯಾರನ್ ಕಾಯೋ ಊರಿಗೆ ಬಂದ ಬ್ಯಾಟರಿ

1/4
ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರಿಗೆ ಹೊಗೆಸೊಪ್ಪಿನ ಬ್ಯಾರನ್ ಬಗ್ಗೆ ಹೇಳೋದೇ ಬೇಡ. ಸೊಪ್ಪು ಬೇಯೋ ಅಷ್ಟೂ ದಿನ ಮನೇಲಿ ಯಾರಾದ್ರೂ ಒಬ್ಬರು ರಾತ್ರಿ ಎದ್ದಿರಲೇಬೇಕು. ಸೌದೆ ಹಾಕಬೇಕು, ಥರ್ಮಾಮೀಟರ್ ನೋಡಬೇಕು, ಕಾವನ್ನ ಮೆಲ್ಲಗೆ ಏರಿಸಬೇಕು. ಒಣಗಿದ ಸೊಪ್ಪು ಬಿಸಿ ಪೈಪಿನ ಮೇಲೆ ಬಿದ್ರೆ ವರ್ಷದ ದುಡಿಮೆ ಬೂದಿ. ನಮ್ಮ ತಾತಂದಿರ ಲೆಕ್ಕ ಸರಳ: ಬೆಂಕಿ ಇದ್ದ ಕಡೆ ಕಾವಲು ಇರಬೇಕು.

ಅದೇ ತಂಬಾಕಿನ ನಿಕೋಟಿನ್ ಬ್ಯಾಟರಿ ಹತ್ತಿದಾಗ ಆ ಕಾವಲು ಏನಾಯ್ತು? ಇವತ್ತಿನ ಇತಿಹಾಸ ಅದೇ.

2/4
1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡ್‌ಎನಫ್ ತಂಡ ಲಿಥಿಯಂ ಬ್ಯಾಟರಿಗೆ ಒಳ್ಳೆಯ ಕ್ಯಾಥೋಡ್ ಕಂಡುಹಿಡಿಯಿತು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಅದನ್ನು ಬಳಕೆಗೆ ತಕ್ಕ ರೂಪಕ್ಕೆ ತಂದರು. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂತು. ಮುಂದೆ ಲ್ಯಾಪ್‌ಟಾಪ್, ಟಾರ್ಚ್ ಎಲ್ಲದರಲ್ಲೂ ಸೇರಿಕೊಂಡಿದ್ದು 18650 ಅನ್ನೋ ಸೆಲ್. ಹೆಸರಲ್ಲೇ ಅಳತೆ ಇದೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ.

2003ರಲ್ಲಿ ಚೀನಾದ ಹೊನ್ ಲಿಕ್ ಇ-ಸಿಗರೇಟ್ ರೂಪಿಸಿದರು. ಆಮೇಲೆ ಬಂದ 'ಮೆಕ್ಯಾನಿಕಲ್ ಮಾಡ್' ಅಂದ್ರೆ ಒಂದು ಲೋಹದ ಕೊಳವೆ, ಒಂದು ಸೆಲ್, ಒಂದು ಗುಂಡಿ, ಒಂದು ಕಾಯಿಲ್. ಅಷ್ಟೇ. ಕರೆಂಟು ಜಾಸ್ತಿ ಆದ್ರೆ ತಡೆಯೋ ಚಿಪ್ ಇಲ್ಲ. ಅಂದ್ರೆ ಬ್ಯಾರನ್ ಇದೆ, ಕಾಯೋರಿಲ್ಲ!

3/4
ಹೈಸ್ಕೂಲಿನ ಓಮ್ ನಿಯಮ ನೆನಪಿದೆಯಾ? ತುಂಬಿದ ಸೆಲ್ 4.2 ವೋಲ್ಟ್. ಕಾಯಿಲ್ 0.2 ಓಮ್ ಆದ್ರೆ ಹರಿಯೋದು 21 ಆಂಪಿಯರ್. ಸೆಲ್ ತಾಳೋದು 10 ಆಂಪಿಯರ್ ಆಗಿದ್ರೆ? ಒಳಗೆ ಕಾವು ಏರುತ್ತೆ, ಗ್ಯಾಸ್ ಹುಟ್ಟುತ್ತೆ. ಗ್ಯಾಸ್ ಹೊರಗೆ ಹೋಗೋಕೆ ದಾರಿ ಇಲ್ಲದಿದ್ರೆ ಆ ಕೊಳವೆಯೇ ಸಿಡಿಗುಂಡು.

2009ರಿಂದ 2016ರವರೆಗೆ ಅಮೆರಿಕದಲ್ಲಿ ಇ-ಸಿಗರೇಟ್ ಸಿಡಿದ, ಹೊತ್ತಿಕೊಂಡ 195 ಪ್ರಕರಣಗಳನ್ನು ಅಲ್ಲಿನ ಅಗ್ನಿಶಾಮಕ ಆಡಳಿತ ಲೆಕ್ಕ ಹಾಕಿತ್ತು. 2019ರ ಜನವರಿಯಲ್ಲಿ ಟೆಕ್ಸಸ್‌ನಲ್ಲಿ 24 ವರ್ಷದ ಹುಡುಗನೊಬ್ಬ ಹೀಗೇ ತೀರಿಕೊಂಡ. ಸಿಡಿದ ಲೋಹದ ಚೂರು ಅವನ ಕುತ್ತಿಗೆಯ ರಕ್ತನಾಳ ಕತ್ತರಿಸಿತ್ತು.

4/4
ಕರ್ನಾಟಕ 2016ರ ಜೂನ್‌ನಲ್ಲೇ ಇ-ಸಿಗರೇಟ್ ನಿಷೇಧಿಸಿತು. 2019ರ ಸೆಪ್ಟೆಂಬರ್ 18ರಂದು ಕೇಂದ್ರದ ಸುಗ್ರೀವಾಜ್ಞೆ ಬಂತು, ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ತಮಾಷೆ ನೋಡಿ, ಸುಗ್ರೀವಾಜ್ಞೆ ಬಂದ ಮೂರೇ ವಾರಕ್ಕೆ ಲಿಥಿಯಂ ಅಯಾನ್ ಬ್ಯಾಟರಿಗಾಗಿ ಗುಡ್‌ಎನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ ನೊಬೆಲ್ ಘೋಷಣೆಯಾಯಿತು.

ವೇಪ್ ನಿಷೇಧ ಆಯ್ತು, ಸೆಲ್ ಮಾತ್ರ ನಮ್ಮ ಮನೆಗಳಲ್ಲೇ ಇದೆ. ಹೋದ ವರ್ಷ ಬ್ಯಾರನ್ ಕಾಯೋಕೆ ಹೊರಟ ನಮ್ಮಣ್ಣ, ಗೆಳೆಯನ ಹಳೇ ವೇಪಿನ ಸೆಲ್ಲನ್ನ ಟಾರ್ಚಿಗೆ ಅಂತ ಬೀಗದ ಕೈ ಜೊತೆ ಜೇಬಿಗೆ ಹಾಕ್ಕೊಂಡಿದ್ದ. ಮೇಲಿನ ಪ್ಲಾಸ್ಟಿಕ್ ಹರಿದಿತ್ತು. ತೊಡೆ ಸುಟ್ಟಾಗಲೇ ಗೊತ್ತಾಗಿದ್ದು. ಕಲೆ ಈಗಲೂ ಇದೆ.

ಅದಕ್ಕೇ ಹೇಳ್ತಿದ್ದೀನಿ: ಹರಿದ, ಉಬ್ಬಿದ ಸೆಲ್ ಮುಟ್ಟಬೇಡಿ. ಬಿಡಿ ಸೆಲ್ಲನ್ನ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ತುಂಬಿದ ಮೇಲೆ ತಾನೇ ನಿಲ್ಲೋ, ಆ ಸೆಲ್ಲಿಗೆ ಹೊಂದೋ ಚಾರ್ಜರ್ರೇ ಬಳಸಿ. ಹಾಸಿಗೆ ಮೇಲೆ, ಸೊಪ್ಪಿನ ರಾಶಿ ಹತ್ತಿರ ಬೇಡ. ಚಾರ್ಜಿಗೆ ಹಾಕಿ ಮಲಗಬೇಡಿ. ಹಳೇದನ್ನ ಒಲೆಗೆ ಎಸೀಬೇಡಿ, ಇ-ತ್ಯಾಜ್ಯ ತಗೊಳ್ಳೋ ಕಡೆ ಕೊಡಿ.

ನಿಮ್ಮನೇಲಿ ಬ್ಯಾರನ್ ಕಾಯ್ತಿದ್ದೋರು ಯಾರು? ಕಾಮೆಂಟಲ್ಲಿ ಬರೀರಿ.

#ನಮ್ಮೂರಇತಿಹಾಸ #ಹುಣಸೂರು #ಪಿರಿಯಾಪಟ್ಟಣ #ಕೆಆರ್‌ನಗರ #ಎಚ್‌ಡಿಕೋಟೆ