ನೆರೆಯಿಳಿದ ಮೇಲಿನ ರಂಗಸ್ಥಳ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಜನರ ವಿನೋದಸ್ಥಾನಗಳು ಬಹುಕಾಲ ಕಟ್ಟಡಗಳಾಗಿರಲಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ನಾಲ್ಕು ಕಂಬ ನೆಟ್ಟು, ಮಾವಿನೆಲೆಯ ತೋರಣ ಕಟ್ಟಿ, ದೀವಟಿಗೆ ಹಚ್ಚಿದರೆ ಅದೇ ಯಕ್ಷಗಾನದ ರಂಗಸ್ಥಳ. ಕೋಣಗಳನ್ನಿಳಿಸಿದರೆ ಕೆಸರುಗದ್ದೆಯೇ ಕಂಬಳದ ಕಣ. ಮಳೆಗಾಲದಲ್ಲಿ ಸೌಪರ್ಣಿಕೆಯೋ ವಾರಾಹಿಯೋ ಸೀತಾನದಿಯೋ ಉಕ್ಕಿ ಆ ನೆಲವನ್ನು ಮುಳುಗಿಸಿದರೂ, ನೀರಿಳಿದ ಬಳಿಕ ಹೂಳೆತ್ತಿ ಕಂಟ (ಗದ್ದೆಯ ಬದು) ಕಟ್ಟುವ ಕಾರ್ಯ ಊರವರದೇ ಆಗಿದ್ದುದರಿಂದ, ಅದಕ್ಕಾಗಿ ಸರ್ಕಾರದ ಬೊಕ್ಕಸದತ್ತ ನೋಡುವ ಪ್ರಸಂಗವೇ ಒದಗುತ್ತಿರಲಿಲ್ಲ. ಆಗ ಈ ಸೀಮೆಯನ್ನಾಳುತ್ತಿದ್ದ ಮದರಾಸು ಸರ್ಕಾರದ ಕ್ಷಾಮಸಂಹಿತೆಗೂ, ಅಂದರೆ ಬರಗಾಲದ ಪರಿಹಾರ ನಿಯಮಗಳಿಗೂ, ಪರಿಹಾರವೆಂದರೆ ಮುಖ್ಯವಾಗಿ ಕೂಲಿ ಮತ್ತು ಅನ್ನ.

ಸಮುದಾಯ ಭವನ, ಯುವಕ ಮಂಡಲದ ಕೊಠಡಿ, ಬಯಲು ರಂಗಮಂದಿರಗಳು ತಲೆಯೆತ್ತಿದ ಮೇಲೆ, ಗಾಳಿಗೆ ಹಾರಿದ ಹಂಚನ್ನೂ ಕುಸಿದ ಗೋಡೆಯನ್ನೂ ಶ್ರಮದಾನವೊಂದರಿಂದಲೇ ಸರಿಪಡಿಸುವುದು ದುಸ್ಸಾಧ್ಯವಾಯಿತು. ಆಗ ಸರ್ಕಾರದ ನೆರವು ಬೇಕಾಯಿತು. ಒಂಬತ್ತನೆಯ ಹಣಕಾಸು ಆಯೋಗದ ಶಿಫಾರಸಿನಂತೆ 1990ರಲ್ಲಿ ಹುಟ್ಟಿದ ವಿಪತ್ತು ಪರಿಹಾರ ನಿಧಿಯು, 2005ರ ವಿಪತ್ತು ನಿರ್ವಹಣಾ ಕಾಯಿದೆಯ ತರುವಾಯ ರಾಜ್ಯ ವಿಪತ್ತು ಪರಿಹಾರ ನಿಧಿಯಾಗಿ ಮಾರ್ಪಟ್ಟಿತು. ಅದರಲ್ಲಿ ಕೇಂದ್ರದ ಪಾಲು ಶೇಕಡ 75, ಕರ್ನಾಟಕದ ಪಾಲು 25. ಅದರ ನಿಯಮಾವಳಿ ರಸ್ತೆ, ಶಾಲೆಗಳೊಡನೆ ಸಮುದಾಯ ಭವನ, ಯುವಕೇಂದ್ರಗಳ ದುರಸ್ತಿಗೂ ಎಡೆಮಾಡಿತು. ಆದರೆ ಅವು ಪಂಚಾಯಿತಿಯ ಸ್ವತ್ತಾಗಿರಬೇಕು, ಕೆಲಸವೂ ತುರ್ತು ದುರಸ್ತಿಯಾಗಿರಬೇಕೇ ಹೊರತು ನವನಿರ್ಮಾಣವಾಗಕೂಡದು.

2020ರ ಸೆಪ್ಟೆಂಬರಿನ ಮಹಾಮಳೆಗೆ ಉಡುಪಿ ಜಿಲ್ಲೆಯ ತಗ್ಗುಪ್ರದೇಶಗಳು ಜಲಾವೃತವಾದಾಗಲೂ, 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮರವಂತೆಯ ತೀರವನ್ನು ಕಡಲು ಕೊರೆದಾಗಲೂ ಮನೆ, ರಸ್ತೆಗಳ ಚಿಂತೆಯೇ ಮುಂದಾದುದು ನ್ಯಾಯವೇ. ಆದರೂ ಸಂಕಟವುಂಡ ಜನ ಒಂದೆಡೆ ಕೂಡಿ ನಗುವ ತಾಣವನ್ನೂ ಪರಿಹಾರದ ಪಟ್ಟಿಗೆ ಸೇರಿಸಿದ ಆಡಳಿತವು, ಮನುಷ್ಯನ ಅಗತ್ಯವನ್ನು ಕ್ಷಾಮಸಂಹಿತೆಗಿಂತ ಉದಾರವಾಗಿ ಅಳೆದಿದೆಯೆನ್ನಬೇಕು.